ಪೇಪರ್ ಮಿಲ್ ಬಾಯ್ಲರ್‌ಗೆ ಕಾಫಿ ಹೊಟ್ಟಿನ ಬ್ರಿಕೆಟ್: ಪಾರ್ಚ್‌ಮೆಂಟ್ ಸೈ, ಚೆರಿ ಹುಷಾರು

ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ (ಒಣಗಿದ ಕಾಫಿಯ ಸಿಪ್ಪೆ ಸುಲಿಯುವ ಕಾರ್ಖಾನೆಗಳ) ಹೊಟ್ಟನ್ನು ಒತ್ತಿ ಮಾಡುವ 90 ಮಿ.ಮೀ. ಬ್ರಿಕೆಟ್, ಕ್ರಾಫ್ಟ್ ಪೇಪರ್ (ಕಂದು ಪ್ಯಾಕಿಂಗ್ ಕಾಗದ) ಮಾಡುವ ಸಣ್ಣ ಮಿಲ್‌ಗಳ ಗ್ರೇಟ್ ಬಾಯ್ಲರ್‌ಗೆ, ಅಂದರೆ ಕಬ್ಬಿಣದ ಜಾಲರಿಯ ಮೇಲೆ ಉರಿಸುವ ಬಾಯ್ಲರ್‌ಗೆ, ಒಳ್ಳೆಯ ಉರುವಲು. ಆದರೆ ‘ಕಾಫಿ ಹೊಟ್ಟು’ ಎಂಬ ಒಂದೇ ಹೆಸರಲ್ಲಿ ಎರಡು ಬೇರೆ ಮಾಲು ಬರುತ್ತದೆ. ಪಾರ್ಚ್‌ಮೆಂಟ್ ಹೊಟ್ಟು ಎಂದರೆ ತಿರುಳು ತೆಗೆದು ಒಣಗಿಸಿದ ಬೀಜದ ತೆಳು ಸಿಪ್ಪೆ, ಅದರಲ್ಲಿ ಬೂದಿ 1%ರ ಆಸುಪಾಸು. ಚೆರಿ ಹೊಟ್ಟು ಎಂದರೆ ಇಡಿಯಾಗಿ ಒಣಗಿಸಿದ ಹಣ್ಣಿನ ತಿರುಳು ಸಮೇತದ ಸಿಪ್ಪೆ, ಬೂದಿ ಅದರ ನಾಲ್ಕೈದು ಪಟ್ಟು, ಜೊತೆಗೆ ಪೊಟ್ಯಾಶ್ ಜಾಸ್ತಿ. ಪೊಟ್ಯಾಶ್ ಹೆಚ್ಚಿದ್ದರೆ ಬೂದಿ ಬೇಗ ಕರಗಿ, ಬೆಲ್ಲದ ಪಾಕದ ಹಾಗೆ ಗ್ರೇಟ್‌ಗೆ ಅಂಟಿ, ಆರಿದ ಮೇಲೆ ಕಲ್ಲಾಗುತ್ತದೆ. ಅದೇ ಕ್ಲಿಂಕರ್. ಗಾಳಿಯ ಕಿಂಡಿ ಮುಚ್ಚಿದರೆ ಉರಿ ಒಂದು ಮಗ್ಗುಲಿಗೆ ಸರಿಯುತ್ತದೆ, ಸ್ಟೀಮ್ ಒತ್ತಡ ಇಳಿಯುತ್ತದೆ, ಡ್ರೈಯರ್‌ನಲ್ಲಿ ಹಾಳೆ ಒಣಗದೆ ಮಷಿನ್ ವೇಗ ತಗ್ಗಿಸಬೇಕಾಗುತ್ತದೆ. ಗಾಳಿಯಿಂದ ಕುದಿಯುವ ಮರಳಿನ ಬೆಡ್‌ನಲ್ಲಿ ಉರಿಸುವ ಎಫ್‌ಬಿಸಿ ಬಾಯ್ಲರ್‌ಗಂತೂ ಚೆರಿ ಬೇಡವೇ ಬೇಡ, ಮರಳೇ ಗಂಟುಕಟ್ಟುತ್ತದೆ.

ಲಾರಿ ಇಳಿಸುವ ಮೊದಲು ಒಂದು ತುಂಡನ್ನು ಬಕೆಟ್ ನೀರಿಗೆ ಹಾಕಿ. ಮುಳುಗಬೇಕು, ತೇಲಿದರೆ ಸರಿಯಾಗಿ ಒತ್ತಿಲ್ಲ. ಇನ್ನೊಂದನ್ನು ಮುರಿದು ಒಳಗೆ ನೋಡಿ: ತಿಳಿ ಹುಲ್ಲಿನ ಬಣ್ಣವಿದ್ದರೆ ಪಾರ್ಚ್‌ಮೆಂಟ್, ಗಾಢ ಕಂದು ಇದ್ದರೆ ಚೆರಿ. ಹೊರಮೈ ನೋಡಿ ಮೋಸ ಹೋಗಬೇಡಿ, ಪ್ರೆಸ್‌ನ ಬಿಸಿಗೆ ಎಲ್ಲವೂ ಕಪ್ಪಾಗಿರುತ್ತದೆ. ತೇವ 12% ದಾಟಿದ್ದರೆ ವಾಪಸ್ ಕಳಿಸಿ. ಮಳೆಗಾಲದಲ್ಲಿ ಟಾರ್ಪಾಲ್ ಸಾಲದು, ಮಾಡು ಬೇಕು. ನೀರು ಕುಡಿದ ಬ್ರಿಕೆಟ್ ಉಬ್ಬಿ ಪುಡಿಯಾಗುತ್ತದೆ, ಆ ಪುಡಿ ಅರೆಬೆಂದು ಚಿಮಣಿ ದಾರಿ ಹಿಡಿಯುತ್ತದೆ.

ಟನ್ನಿನ ದರಕ್ಕಿಂತ ಒಂದು ಟನ್ ಸ್ಟೀಮ್‌ಗೆ ಬೀಳುವ ಖರ್ಚು ಲೆಕ್ಕ ಹಾಕಿ. ಕೆ.ಜಿ.ಗೆ 3,600 ಕಿಲೋಕ್ಯಾಲರಿ, ಬಾಯ್ಲರ್ ದಕ್ಷತೆ 72%, ಫೀಡ್ ನೀರು (ಬಾಯ್ಲರ್‌ಗೆ ಹೋಗುವ ನೀರು) 90 ಡಿಗ್ರಿ ಎಂದಿಟ್ಟುಕೊಂಡರೆ ಒಂದು ಕೆ.ಜಿ. ಬ್ರಿಕೆಟ್‌ಗೆ ಸುಮಾರು 4.5 ಕೆ.ಜಿ. ಸ್ಟೀಮ್. ಕಂಡೆನ್ಸೇಟನ್ನು (ಡ್ರೈಯರ್‌ನಲ್ಲಿ ಸ್ಟೀಮ್ ತಣಿದು ಆದ ಬಿಸಿನೀರು) ಚರಂಡಿಗೆ ಬಿಟ್ಟು ಫೀಡ್ ನೀರು 60 ಡಿಗ್ರಿಗೆ ಇಳಿದರೆ ಅದು 4.3. ಡ್ರೈಯರ್‌ನ ಟ್ರಾಪ್ (ಸ್ಟೀಮ್ ತಡೆದು ನೀರನ್ನಷ್ಟೇ ಹೊರಬಿಡುವ ವಾಲ್ವ್) ಸೋರುತ್ತಿದ್ದರೆ ಎಂಥ ಉರುವಲು ತಂದರೂ ಉಳಿತಾಯ ಕಾಣುವುದಿಲ್ಲ.

ಇನ್ನೊಂದು ದೊಡ್ಡ ಉಳಿತಾಯ, ಡ್ರೈಯರ್‌ಗೆ ಮೊದಲು ಹಸಿ ಹಾಳೆಯ ನೀರು ಹಿಂಡುವ ಪ್ರೆಸ್ ವಿಭಾಗದಲ್ಲಿದೆ. ಹಾಳೆ ಪ್ರೆಸ್‌ನಿಂದ 42% ಒಣ ಅಂಶದೊಂದಿಗೆ ಹೊರಬಂದರೆ, 93%ಕ್ಕೆ ತರಲು ಟನ್ ಪೇಪರ್‌ಗೆ 1,214 ಕೆ.ಜಿ. ನೀರು ಆವಿ ಮಾಡಬೇಕು. 43% ಆದರೆ 1,163. 42 ಇದ್ದದ್ದು 43 ಆದದ್ದಕ್ಕೇ ಡ್ರೈಯರ್‌ನ ಸುಮಾರು 4% ಸ್ಟೀಮ್ ಉಳಿಯಿತು! ಫೆಲ್ಟ್ (ಹಾಳೆಯ ನೀರು ಹೀರುವ ಕಂಬಳಿ) ತೊಳೆದು, ನಿಪ್ ಒತ್ತಡ (ಪ್ರೆಸ್ ರೋಲರ್‌ಗಳು ಹಾಳೆಯನ್ನು ಅದುಮುವ ಒತ್ತಡ) ಸರಿಮಾಡಿದ ಮೇಲೆ ಬ್ರಿಕೆಟ್ ಆರ್ಡರ್ ಕೊಡಿ.

ಉರಿಸುವಾಗ ಗ್ರೇಟ್ ಕೆಳಗಿನ ಗಾಳಿ ತಗ್ಗಿಸಿ, ಮೇಲಿನ ಗಾಳಿ ಹೆಚ್ಚಿಸಿ. ಹೊಟ್ಟಿನ ಬಹುಪಾಲು ಅನಿಲವಾಗಿ ಮೇಲೆಯೇ ಉರಿಯುತ್ತದೆ. ಫ್ಲೂ ಗ್ಯಾಸ್‌ನಲ್ಲಿ (ಚಿಮಣಿಗೆ ಹೋಗುವ ಹೊಗೆಯಲ್ಲಿ) ಆಮ್ಲಜನಕ 6ರಿಂದ 8% ಇರಲಿ. ಚೆರಿ ಬೆರೆಸಲೇಬೇಕಾದರೆ ಕಾಲು ಭಾಗ ಮೀರದಿರಲಿ, ಬೂದಿಯನ್ನು ಪಾಳಿಗೆ ಎರಡು ಸಲವಾದರೂ ಕೆದಕಿ ತೆಗೆಯಿರಿ.

ಪಲ್ಪರ್‌ನಿಂದ (ಮಿಲ್‌ನಲ್ಲಿ ರದ್ದಿ ಕಾಗದವನ್ನು ನೀರಲ್ಲಿ ಕಲಸುವ ತೊಟ್ಟಿ) ಬರುವ ಪ್ಲಾಸ್ಟಿಕ್ ಕಸವನ್ನು ಇದರ ಜೊತೆ ಒಲೆಗೆ ಎಸೆಯುವ ಅಭ್ಯಾಸವಿದ್ದರೆ ಈ ಉರುವಲು ತರಲೇಬೇಡಿ. ಪಿವಿಸಿಯ ಕ್ಲೋರಿನ್, ಹೊಟ್ಟಿನ ಪೊಟ್ಯಾಶ್ ಎರಡೂ ಸೇರಿ ಬಾಯ್ಲರ್‌ನ ಟ್ಯೂಬ್ ತಿನ್ನುತ್ತವೆ. ಶುದ್ಧ ಹೊಟ್ಟಿನ ಬೂದಿಯಾದರೆ ತೋಟದವರೇ ಗೊಬ್ಬರಕ್ಕೆ ಒಯ್ದಾರು. ಪ್ಲಾಸ್ಟಿಕ್ ಬೆರೆತದ್ದನ್ನು ಯಾವ ತೋಟಕ್ಕೂ ಕೊಡಬೇಡಿ.