ಗೂಗಲ್ ಅನಲಿಟಿಕ್ಸ್, ಸರ್ಚ್ ಕನ್ಸೋಲ್: ವರ್ಷಗಟ್ಟಲೆ ಬಳಸಿದ ಮೇಲೆ

ಅನಲಿಟಿಕ್ಸ್ ಅಂದರೆ ಸೈಟ್‌ಗೆ ಯಾರು ಎಲ್ಲಿಂದ ಬಂದರು, ಏನು ಓದಿದರು ಅಂತ ಎಣಿಸುವ ಸಾಧನ. ಸರ್ಚ್ ಕನ್ಸೋಲ್ ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣಿಸುತ್ತಿದೆ ಅಂತ ತೋರಿಸುವ ಸಾಧನ. ಮೊದಲೇ ಹೇಳಿಬಿಡುತ್ತೇನೆ. ಬ್ಲಾಗ್ ಬರೆಯುವವರು ಇವೆರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು ಅಂದರೆ ಸರ್ಚ್ ಕನ್ಸೋಲ್ ಇಟ್ಟುಕೊಳ್ಳಿ. ಅನಲಿಟಿಕ್ಸ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಸಾಮಾನ್ಯವಾಗಿ ಆಗುವುದು ಉಲ್ಟಾ. ಬ್ಲಾಗ್ ಶುರುವಾದ ದಿನವೇ ಅನಲಿಟಿಕ್ಸ್ ಕೋಡ್ ಹಾಕಿ, ರಿಯಲ್‌ಟೈಮ್ ಪುಟ ತೆರೆದು, ಕಳೆದ 30 ನಿಮಿಷದಲ್ಲಿ ಯಾರಾದರೂ ಬಂದರಾ ಅಂತ ನೋಡುತ್ತ ಕೂರುವುದು. ಬಂದವರಲ್ಲಿ ಅರ್ಧ ನಾವೇ ಆಗಿರುತ್ತೇವೆ, ಅದು ಬೇರೆ ಮಾತು.

ನನ್ನದು ಕುಂಡದಲ್ಲಿ ಗಿಡ ಬೆಳೆಸುವವರಿಗಾಗಿ ಇರುವ ಚಿಕ್ಕ ಬ್ಲಾಗ್. ಎರಡೂ ಪುಕ್ಕಟೆ ಸಿಗುತ್ತವೆ, ಹಾಗಾಗಿ ದುಡ್ಡಿನ ಪ್ರಶ್ನೆ ಇಲ್ಲ, ಖರ್ಚಾಗುವುದು ಸಮಯ. ಅನಲಿಟಿಕ್ಸ್ ಅದನ್ನು ಚೆನ್ನಾಗಿ ತಿನ್ನುತ್ತದೆ.

ಸರ್ಚ್ ಕನ್ಸೋಲ್‌ನಲ್ಲಿ ನನಗೆ ಬೇಕಾಗುವುದು ಒಂದೇ ವಿಷಯ, ಜನ ಗೂಗಲ್‌ನಲ್ಲಿ ಏನು ಟೈಪ್ ಮಾಡಿದಾಗ ನನ್ನ ಪುಟ ಕಾಣಿಸಿತು ಅನ್ನುವುದು. ಹಿಂದೆ ಇದು ಅನಲಿಟಿಕ್ಸ್‌ನಲ್ಲೇ ಸಿಗುತ್ತಿತ್ತು. 2011ರಲ್ಲಿ ಗೂಗಲ್ ಹುಡುಕಾಟವನ್ನು ಎನ್‌ಕ್ರಿಪ್ಟ್ ಮಾಡಲು ಶುರು ಮಾಡಿದ ಮೇಲೆ ಮೆಲ್ಲಗೆ ಅಲ್ಲಿಂದ ಮಾಯವಾಯಿತು.

ಒಂದು ಉದಾಹರಣೆ ಕೊಡುತ್ತೇನೆ. ‘ಗಿಡಗಳಲ್ಲಿ ಪೋಷಕಾಂಶದ ಕೊರತೆ’ ಅಂತ ಒಂದು ಉದ್ದದ ಲೇಖನ ಇತ್ತು. ಪರ್ಫಾರ್ಮೆನ್ಸ್ ವರದಿಯಲ್ಲಿ ಆ ಪುಟದ ಮೇಲೆ ಕ್ಲಿಕ್ ಮಾಡಿ ಕ್ವೆರಿ (ಜನ ಹುಡುಕಿದ ಪದಗಳ) ಪಟ್ಟಿ ತೆರೆದರೆ ಪೋಷಕಾಂಶದ ಸುದ್ದಿಯೇ ಹೆಚ್ಚುಕಮ್ಮಿ ಇಲ್ಲ. ಇದ್ದದ್ದೆಲ್ಲ ‘ಎಲೆ ಹಳದಿ ಆಗ್ತಿದೆ ಏನು ಮಾಡಬೇಕು’, ‘ಕೆಳಗಿನ ಎಲೆ ಮಾತ್ರ ಹಳದಿ’, ‘ಹೊಸ ಚಿಗುರು ಬಿಳಿಚಿಕೊಂಡಿದೆ’ ಈ ಥರದ್ದು. ಇಂಪ್ರೆಶನ್ ರಾಶಿ ರಾಶಿ, ಕ್ಲಿಕ್ ಬೆರಳೆಣಿಕೆ. ಅಂದರೆ ಗೂಗಲ್ ಪುಟವನ್ನು ತೋರಿಸುತ್ತಲೇ ಇದೆ, ಜನ ಶೀರ್ಷಿಕೆ ನೋಡಿ ಇದು ನಮಗಲ್ಲ ಅಂದುಕೊಂಡು ಮುಂದೆ ಹೋಗುತ್ತಿದ್ದಾರೆ. ಲೇಖನವನ್ನು ಎಲ್ಲಿ ಕತ್ತರಿಸಬೇಕು ಅನ್ನುವುದೂ ಆ ಪಟ್ಟಿಯಲ್ಲೇ ಇತ್ತು. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆ ಎಲೆ. ಕಬ್ಬಿಣ ಕಡಿಮೆಯಾದರೆ ಹೊಸ ಎಲೆ, ಅದೂ ನರಗಳು ಹಸಿರಾಗೇ ಉಳಿದು ನಡುವಿನ ಭಾಗ ಮಾತ್ರ. ಹಾಗಾಗಿ ಎರಡು ಲೇಖನ ಮಾಡಿದೆ, ಒಂದು ಹಳೆ ಎಲೆಯವರಿಗೆ, ಒಂದು ಹೊಸ ಎಲೆಯವರಿಗೆ. ವಾರಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಕ್ಲಿಕ್ ಏರತೊಡಗಿತು, ಇವತ್ತಿಗೂ ಬ್ಲಾಗ್‌ಗೆ ಜಾಸ್ತಿ ಓದುಗರನ್ನು ತರುವುದು ಅವೆರಡೇ.

ಒಂದು ಎಚ್ಚರಿಕೆ. ಅಲ್ಲಿ ‘ಸರಾಸರಿ ಸ್ಥಾನ’ ಅಂತ ಒಂದು ಅಂಕಿ ಇದೆ, ಅದು ಕುಸಿದರೆ ಎಲ್ಲರೂ ಗಾಬರಿಯಾಗುತ್ತಾರೆ. ನಿಮ್ಮ ಪುಟ ಹೊಸ ಹೊಸ ಹುಡುಕಾಟಗಳಲ್ಲಿ ನಲವತ್ತನೆಯದೋ ಐವತ್ತನೆಯದೋ ಆಗಿ ಕಾಣಿಸಿಕೊಳ್ಳಲು ಶುರುವಾದರೂ ಸರಾಸರಿ ಕೆಳಗಿಳಿಯುತ್ತದೆ, ಹಳೆ ಹುಡುಕಾಟಗಳಲ್ಲಿ ನೀವು ಇದ್ದಲ್ಲೇ ಇದ್ದರೂ ಸಹ. ಎಷ್ಟೋ ಸಲ ಅದು ಒಳ್ಳೆಯ ಸುದ್ದಿ! ಒಂದೊಂದು ಕ್ವೆರಿಯ ಸ್ಥಾನ ಬೇರೆ ಬೇರೆಯಾಗಿ ನೋಡಿ, ಒಟ್ಟು ಸರಾಸರಿ ಬಿಟ್ಟುಬಿಡಿ. ಇನ್ನೊಂದು, ತೀರಾ ಕಡಿಮೆ ಜನ ಹುಡುಕಿದ್ದನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ತೋರಿಸುವುದಿಲ್ಲ. ಅದಕ್ಕೇ ಪಟ್ಟಿಯಲ್ಲಿರುವ ಕ್ಲಿಕ್‌ಗಳನ್ನು ಕೂಡಿಸಿದರೆ ಮೇಲಿರುವ ಒಟ್ಟು ಸಂಖ್ಯೆಗಿಂತ ಕಡಿಮೆ ಬರುತ್ತದೆ. ಪಟ್ಟಿಯೂ 1000 ಸಾಲಿಗೆ ನಿಲ್ಲುತ್ತದೆ, ಚಿಕ್ಕ ಬ್ಲಾಗ್‌ಗೆ ಅಷ್ಟು ಸಾಕು.

ಈಗ ಅನಲಿಟಿಕ್ಸ್. ಹಳೆ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಹೊಸ ಡೇಟಾ ತೆಗೆದುಕೊಳ್ಳುವುದನ್ನು ನಿಲ್ಲಿಸಿತು, ಮುಂದಿನ ವರ್ಷ ಹಳೆ ಡೇಟಾ ನೋಡುವ ದಾರಿಯೂ ಮುಚ್ಚಿತು. ಈಗಿರುವುದು ಜಿಎ4, ಅಂದರೆ ಗೂಗಲ್ ಅನಲಿಟಿಕ್ಸ್ 4. ಬ್ಲಾಗರ್‌ಗೆ ಬೇಕಾದ ನಾಲ್ಕು ಅಂಕಿಗಾಗಿ ಇಷ್ಟೊಂದು ಮೆನು ಯಾಕೆ ಅಂತ ನನಗೆ ಇನ್ನೂ ಅನಿಸುತ್ತದೆ. ಮಾರಾಟದ ಸೈಟ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಅಂತ ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಗುತ್ತದೆ.

ಆದರೂ ಒಂದು ವಿಷಯದಲ್ಲಿ ಹಳೆಯದಕ್ಕಿಂತ ಖಂಡಿತ ಮೇಲು. ಹಳೆಯದರಲ್ಲಿ ಒಬ್ಬರು ಹುಡುಕಿಕೊಂಡು ಬಂದು ಒಂದೇ ಲೇಖನವನ್ನು ಹತ್ತು ನಿಮಿಷ ಕೂತು ಓದಿ ಹೋದರೆ ಅದು ‘ಬೌನ್ಸ್’ (ಬಂದ ಹಾಗೇ ಹೋದವರ ಲೆಕ್ಕ), ಓದಿದ ಸಮಯ ಸೊನ್ನೆ, ಯಾಕೆಂದರೆ ಎರಡನೇ ಪುಟ ತೆರೆದರೆ ಮಾತ್ರ ಅದು ಸಮಯ ಲೆಕ್ಕ ಹಾಕುತ್ತಿತ್ತು. ಬ್ಲಾಗ್ ಓದುವವರು ಓದುವುದೇ ಹಾಗೆ ಅಲ್ವಾ? ಜಿಎ4ನಲ್ಲಿ 10 ಸೆಕೆಂಡಿಗಿಂತ ಜಾಸ್ತಿ ನಿಂತರೆ, ಅಥವಾ ಎರಡು ಪುಟ ನೋಡಿದರೆ ಅದು ಎಂಗೇಜ್ಡ್ ಸೆಷನ್, ಅಂದರೆ ಗಮನವಿಟ್ಟ ಭೇಟಿ. ಸಮಯವನ್ನೂ ಪುಟ ಕಣ್ಣಮುಂದೆ ತೆರೆದಿರುವಷ್ಟು ಹೊತ್ತು ಮಾತ್ರ ಎಣಿಸುತ್ತದೆ. 10 ಸೆಕೆಂಡು ತೀರಾ ಕಡಿಮೆ, ಅದರಲ್ಲಿ ಕುಕೀಗೆ ಒಪ್ಪಿಗೆ ಕೇಳುವ ಪಟ್ಟಿ ಮುಚ್ಚುವುದೂ ಮುಗಿಯುವುದಿಲ್ಲ. ಹಾಗಾಗಿ ನಾನು ನೋಡುವುದು ಪುಟವಾರು ಸರಾಸರಿ ಎಂಗೇಜ್ಮೆಂಟ್ ಸಮಯ, ಅದನ್ನು ಲೇಖನದ ಉದ್ದದ ಪಕ್ಕದಲ್ಲಿಟ್ಟು. ಎಂಟು ನಿಮಿಷದ ಲೇಖನಕ್ಕೆ ಮುಕ್ಕಾಲು ನಿಮಿಷ ಬಂದರೆ ಮೊದಲ ಎರಡು ಪ್ಯಾರಾದಲ್ಲೇ ಏನೋ ಸರಿಯಿಲ್ಲ.

ಸ್ಕ್ರೋಲ್ ಅಂಕಿಯನ್ನು ನಂಬಬೇಡಿ. ಪುಟದ 90 ಶೇಕಡಾ ಕೆಳಗೆ ಹೋದರೆ ಮಾತ್ರ ಅದು ಎಣಿಕೆಗೆ ಬರುತ್ತದೆ. ಲೇಖನದ ಕೆಳಗೆ ಕಾಮೆಂಟು, ಬೇರೆ ಲೇಖನಗಳ ಚಿತ್ರ ಎಲ್ಲ ಇದ್ದರೆ ಪೂರ್ತಿ ಓದಿದವರೂ ಅಲ್ಲಿಗೆ ಮುಟ್ಟಿರುವುದಿಲ್ಲ.

‘ಡೈರೆಕ್ಟ್’ ಅನ್ನುವ ಸಾಲು ಇನ್ನೊಂದು ಗೊಂದಲ. ವಿಳಾಸ ನೆನಪಿಟ್ಟು ಟೈಪ್ ಮಾಡಿ ಬಂದವರು ಅಂತ ಹೆಸರು ಕೇಳಿದರೆ ಅನಿಸುತ್ತದೆ. ನಿಜದಲ್ಲಿ ಅದು ಎಲ್ಲಿಂದ ಬಂದರು ಅಂತ ತಿಳಿಯದ ಎಲ್ಲರನ್ನೂ ಹಾಕುವ ಚೀಲ. ವಾಟ್ಸಾಪ್‌ನಲ್ಲಿ ಯಾರೋ ಲಿಂಕ್ ಕಳಿಸಿದರೆ ಅದನ್ನು ಒತ್ತಿ ಬಂದವರು ಹೆಚ್ಚಾಗಿ ಇಲ್ಲೇ ಬೀಳುತ್ತಾರೆ. ನಾನೇ ಹಂಚುವ ಲಿಂಕ್‌ಗಳಿಗೆ ಈಗ ಯುಟಿಎಂ ಬಾಲ (ಎಲ್ಲಿಂದ ಬಂದರು ಅಂತ ಹೇಳುವ ಗುರುತು) ಸೇರಿಸುತ್ತೇನೆ, ವಾಟ್ಸಾಪ್‌ಗೆ ಒಂದು, ಇಮೇಲ್‌ಗೆ ಒಂದು. ಸೇರಿಸಿದ ಮೇಲೆ ಡೈರೆಕ್ಟ್ ಇಳಿಯಿತು. ಇಮೇಲ್‌ನಿಂದ ಬರುವವರು ಎಣಿಕೆಯಲ್ಲಿ ಕಡಿಮೆ, ಆದರೆ ಉಳಿದ ಎಲ್ಲರಿಗಿಂತ ಜಾಸ್ತಿ ಹೊತ್ತು ಓದುತ್ತಾರೆ. ಹಾಗಾಗಿ ಲೇಖನದ ಕೊನೆಯಲ್ಲಿದ್ದ ಶೇರ್ ಬಟನ್‌ಗಳ ಸಾಲು ತೆಗೆದು ಅಲ್ಲಿ ಇಮೇಲ್ ಕೊಡುವ ಪೆಟ್ಟಿಗೆ ಇಟ್ಟೆ.

ಓದುಗರು ಮತ್ತೆ ಬರುತ್ತಾರಾ ಅನ್ನುವುದಕ್ಕೆ ಯಾವ ಸಾಧನವೂ ನೇರ ಉತ್ತರ ಕೊಡುವುದಿಲ್ಲ. ಜಿಎ4 ಕುಕೀ (ಬ್ರೌಸರ್‌ನಲ್ಲಿ ಇಡುವ ಚಿಕ್ಕ ಗುರುತು) ಲೆಕ್ಕದಲ್ಲಿ ನಡೆಯುವುದರಿಂದ ಒಬ್ಬರೇ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಓದಿದರೆ ಸಾಮಾನ್ಯವಾಗಿ ಇಬ್ಬರಾಗುತ್ತಾರೆ. ಸಫಾರಿ ಇಂಥ ಕುಕೀಗಳನ್ನು 7 ದಿನಕ್ಕೆ ಅಳಿಸುತ್ತದೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಬರುವ ಹಳೆ ಓದುಗರು ಪ್ರತಿ ಸಲ ಹೊಸಬರೇ. ಆ್ಯಡ್ ಬ್ಲಾಕರ್ ಇದ್ದವರಂತೂ ಎಷ್ಟೋ ಸಲ ಲೆಕ್ಕಕ್ಕೇ ಇಲ್ಲ. ಕುಕೀ ಬೇಡ ಅನ್ನುವವರಿಗೆ ಪ್ಲಾಸಿಬಲ್ ಅನ್ನುವ ಬೇರೆ ಅನಲಿಟಿಕ್ಸ್ ಸಾಧನ ಇದೆ, ಹಗುರ, ಒಂದೇ ಪುಟದಲ್ಲಿ ಎಲ್ಲ ಕಾಣುತ್ತದೆ, ನೋಡಲು ಖುಷಿ. ಆದರೆ ಅದು ಗುರುತನ್ನು ದಿನಕ್ಕೊಮ್ಮೆ ಬದಲಿಸುವುದರಿಂದ ನಿನ್ನೆ ಬಂದವರು ಇವತ್ತು ಹೊಸಬರು. ಬರೀ ಪುಟವಾರು ಓದು ಬೇಕಿದ್ದರೆ ನಾನು ಅದನ್ನೇ ಹೇಳುತ್ತೇನೆ.

ಜಿಎ4 ಹಾಕುವುದೇ ಆದರೆ ಅಡ್ಮಿನ್‌ಗೆ ಹೋಗಿ ಡೇಟಾ ರಿಟೆನ್ಶನ್ (ಡೇಟಾ ಇಟ್ಟುಕೊಳ್ಳುವ ಅವಧಿ) 2 ತಿಂಗಳಿನಿಂದ 14ಕ್ಕೆ ಬದಲಿಸಿ. ಮಾಮೂಲಿ ವರದಿಗಳಿಗೆ ಇದರಿಂದ ವ್ಯತ್ಯಾಸ ಇಲ್ಲ, ನಾವೇ ಕಟ್ಟಿಕೊಳ್ಳುವ ವರದಿಗಳಾದ ಎಕ್ಸ್‌ಪ್ಲೊರೇಶನ್‌ಗೆ ಇದೆ. ಸರ್ಚ್ ಕನ್ಸೋಲ್ 16 ತಿಂಗಳು ಇಡುತ್ತದೆ. ಗಿಡದಂಥ ವಿಷಯಕ್ಕೆ ಹೋದ ತಿಂಗಳ ಜೊತೆ ಹೋಲಿಸಿ ಪ್ರಯೋಜನವಿಲ್ಲ, ಹೋದ ವರ್ಷದ ಇದೇ ಮೂರು ತಿಂಗಳ ಜೊತೆ ಹೋಲಿಸಬೇಕು, ಅದಕ್ಕೆ 16 ತಿಂಗಳು ಸರಿಯಾಗಿ ಸಾಕಾಗುತ್ತದೆ. ಅದಕ್ಕೂ ಹಿಂದಿನದು ಬೇಕಿದ್ದರೆ ಆಗಾಗ ನೀವೇ ಇಳಿಸಿಟ್ಟುಕೊಳ್ಳಬೇಕು. ಎಕ್ಸ್‌ಪೋರ್ಟ್ ಬಟನ್ ಮೇಲೆ ಬಲಕ್ಕಿದೆ.