ಹೊಂಗೆ ಚಿಗುರಿದ ಹೊತ್ತಿನಲ್ಲಿ: ದಾವಣಗೆರೆಯ ಕಲಾ ಪ್ರದರ್ಶನ ಮತ್ತು ಗಾಜಿನ ಮನೆ

ಯುಗಾದಿ ಕಳೆದ ವಾರ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳ ಕಲಾ ಪ್ರದರ್ಶನವನ್ನು ಬೆಳಿಗ್ಗೆಯೂ, ಕುಂದವಾಡ ಕೆರೆಯ ಕಡೆಗಿರುವ ಗಾಜಿನ ಮನೆಯನ್ನು ಸಂಜೆಯೂ ನೋಡಿದೆ. ಎರಡೂ ಒಂದೇ ದಿನ ಕೂಡಿಬಂದದ್ದು ಆಕಸ್ಮಿಕ. ಆದರೆ ನೋಡಬಯಸುವವರಿಗೆ ಇದೇ ಕ್ರಮವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬೆಳಿಗ್ಗೆ ಚಿತ್ರಗಳಲ್ಲಿ ಪಳಗಿದ ಕಣ್ಣಿಗೆ ಸಂಜೆಯ ಮರಗಳು ಬೇರೆಯಾಗಿಯೇ ಕಂಡವು.

1964ರಲ್ಲಿ ಆರಂಭವಾಗಿ ಈಗ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿರುವ ಈ ಕಾಲೇಜಿನ ಪ್ರದರ್ಶನದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮುದ್ರಣಕಲೆಯ ವಿಭಾಗ. ಮಂಡಕ್ಕಿ ಭಟ್ಟಿಯೊಂದರ ಒಳಾಂಗಣವನ್ನು ಮರದ ಹಲಗೆಯಲ್ಲಿ ಕೆತ್ತಿ ಅಚ್ಚೊತ್ತಿದ್ದ ಕೃತಿಯ ಮುಂದೆ ನಿಂತಾಗ, ಅದನ್ನು ರಚಿಸಿದ ವಿದ್ಯಾರ್ಥಿಯೇ ಹತ್ತಿರ ಬಂದು, "ಕೆತ್ತಿ ತೆಗೆದ ಜಾಗಕ್ಕೆ ಮಸಿ ಹತ್ತೋದಿಲ್ಲ ಸರ್, ಅಲ್ಲಿ ಕಾಗದದ ಬಿಳುಪೇ ಉಳೀತದೆ" ಎಂದು ವಿವರಿಸಿದರು. ಒಲೆಯ ಉರಿ, ಜರಡಿಯಿಂದ ಹಾರುವ ಮಂಡಕ್ಕಿ, ಬೆವರಿದ ಬೆನ್ನಿನ ಹೊಳಪು, ಎಲ್ಲವೂ ಹಾಗೆ ಉಳಿದ ಬಿಳುಪೇ ಆಗಿದ್ದವು. ಹಲಗೆಯಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುವುದರಿಂದ, ಕಲಾವಿದ ಇಡೀ ದೃಶ್ಯವನ್ನು ತಿರುಗುಮುರುಗಾಗಿಯೇ ಕಲ್ಪಿಸಿಕೊಳ್ಳಬೇಕಾಗುತ್ತದೆ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 3/10 ಎಂದು ಬರೆದಿತ್ತು. ಹತ್ತು ಪ್ರತಿಗಳಲ್ಲಿ ಇದು ಮೂರನೆಯದು ಎಂದು ಅದರ ಅರ್ಥ. ಇಂಥ ಕೃತಿಯನ್ನು ನಕಲು ಎಂದು ಕಡೆಗಣಿಸುವವರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು: ಕಲಾವಿದನೇ ತೆಗೆದು ಸಹಿ ಮಾಡಿದ ಪ್ರತಿಯೊಂದು ಅಚ್ಚೂ ಮೂಲ ಕೃತಿಯೇ.

ಜಲವರ್ಣಗಳಲ್ಲಿ ಎರಡು ಮೂರು ಚೆನ್ನಾಗಿದ್ದವು. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಿಂದ ಬಂದ ಪಿ.ಆರ್. ತಿಪ್ಪೇಸ್ವಾಮಿಯವರಂಥ ಜಲವರ್ಣದ ಹಿರಿಯರನ್ನು ಕೊಟ್ಟ ಬಯಲುಸೀಮೆ ಇದು. ಇಲ್ಲಿನ ಬಿಸಿಲನ್ನು ಬಣ್ಣ ಬಳಿಯದೆ, ಕಾಗದವನ್ನು ಖಾಲಿ ಬಿಟ್ಟೇ ತೋರಿಸುವ ಧೈರ್ಯ ಈ ಮಕ್ಕಳಲ್ಲಿಯೂ ಕಂಡಿತು. ತೈಲವರ್ಣಗಳು ನನ್ನನ್ನು ಅಷ್ಟಾಗಿ ಸೆಳೆಯಲಿಲ್ಲ. ಹಿಂದೊಮ್ಮೆ ಬೇರೊಂದು ಸಭಾಂಗಣದಲ್ಲಿ ಚೌಕಟ್ಟಿನ ಗಾಜಿನ ಮೇಲೆ ಟ್ಯೂಬ್‌ಲೈಟು ಹೊಳೆದು, ಚಿತ್ರದ ಬದಲು ನನ್ನ ಮುಖವನ್ನೇ ನೋಡಿಕೊಂಡು ಹಿಂತಿರುಗಿದ ಬೇಸರವಿತ್ತು. ಇಲ್ಲಿ ಕಿಟಕಿಯ ಬೆಳಕಿನಲ್ಲಿ ಗೆರೆಗೆರೆಯೂ ಸ್ಪಷ್ಟವಾಗಿತ್ತು.

ಲಾಲ್‌ಬಾಗಿನ ಮಾದರಿಯ ಗಾಜಿನ ಮನೆಗೆ ಚೈತ್ರದ ನಡು ಮಧ್ಯಾಹ್ನ ಹೋಗಬಾರದು. ಐದು ಗಂಟೆಯ ಮೇಲೆ, ಬಿಸಿಲು ಅಡ್ಡವಾಗಿ ಬೀಳುವಾಗ, ಉಕ್ಕಿನ ಕಮಾನುಗಳ ನೆರಳು ನೆಲದ ಮೇಲೆ ಉದ್ದಕ್ಕೆ ಚಾಚಿಕೊಳ್ಳುವುದನ್ನು ನೋಡುವುದೇ ಒಂದು ಸುಖ. ಫಲಪುಷ್ಪ ಪ್ರದರ್ಶನದ ದಿನಗಳ ಜನಜಂಗುಳಿ ಆಗ ಇರುವುದಿಲ್ಲ. ಕುಂಡದ ಹೂವುಗಳೂ ಅಷ್ಟು ಇರುವುದಿಲ್ಲ. ನನಗೆ ಅದು ಕೊರತೆ ಎನಿಸಲಿಲ್ಲ, ಏಕೆಂದರೆ ಈ ಋತುವಿನ ನಿಜವಾದ ಚೆಲುವು ಹೊರಗಿನ ರಸ್ತೆಗಳಲ್ಲಿದೆ. ಎಲೆ ಉದುರಿಸಿ ಕೆಲವೇ ದಿನ ಬೋಳಾಗಿದ್ದ ಹೊಂಗೆ, ಬೇರೆ ಗಿಡಗಳು ಬಾಡುವ ಈ ಬೇಗೆಯಲ್ಲಿಯೇ ಮೈತುಂಬ ಎಳೆಹಸಿರು ಹೊದ್ದು ನಿಲ್ಲುತ್ತದೆ. ಬೇವಿನ ಹೂವಿನ ಗಂಧ ಸಂಜೆಯ ಗಾಳಿಗೆ ದಟ್ಟವಾಗುತ್ತದೆ.

ಭದ್ರಾ ನಾಲೆಯ ನೀರು ತುಂಬಿಕೊಂಡು ಊರಿಗೆ ಕುಡಿಯಲು ಕೊಡುವ ಕುಂದವಾಡ ಕೆರೆಯ ದಡಕ್ಕೆ ಬಂದಾಗ ಸೂರ್ಯ ಇಳಿಯುತ್ತಿದ್ದ. ಅವನಿಗೆ ಎದುರಾಗಿ ನಿಂತ ಮರವೊಂದು ಪೂರ್ತಿ ಕಪ್ಪಾಗಿ, ಎಲೆಗಳ ಸಂದಿಯಲ್ಲಿ ಮಾತ್ರ ಬೆಳಕು ಉಳಿದಿತ್ತು. ಬೆಳಿಗ್ಗೆ ಆ ವಿದ್ಯಾರ್ಥಿ ಹೇಳಿದ್ದು ಆಗ ನನಗೆ ಪೂರ್ತಿ ಅರ್ಥವಾಯಿತು. ಮಂಡಕ್ಕಿ ಭಟ್ಟಿಯ ಒಂದು ಪ್ರತಿಯನ್ನು ನನಗಾಗಿ ತೆಗೆದಿಡುವಂತೆ ಮರುದಿನವೇ ಹೋಗಿ ಕೇಳಿ ಬಂದೆ.