ಸ್ಕ್ರೂ ಬಿಗಿ, ವೈರ್ ಸಡಿಲ: 5.08 ಮಿ.ಮೀ. ಪ್ಲಗ್ ಟರ್ಮಿನಲ್ ಬ್ಲಾಕ್, ಮೂರು ವರ್ಷದ ಬಳಕೆಯ ನಂತರ

ಸ್ಕ್ರೂ ಗಟ್ಟಿಯಾಗಿ ಕೂತಿರುತ್ತದೆ, ವೈರನ್ನು ಮೆಲ್ಲಗೆ ಎಳೆದರೆ ಬರುವುದಿಲ್ಲ, ಆದರೂ ಆ ಒಂದು ಚಾನೆಲ್‌ನ ರೀಡಿಂಗ್ ಮಾತ್ರ ಆಗಾಗ ಎಗರುತ್ತದೆ. ಸೆನ್ಸರ್ ಬದಲಿಸಿದರೂ ಅಷ್ಟೇ, ಕೇಬಲ್ ಬದಲಿಸಿದರೂ ಅಷ್ಟೇ. ಸೆನ್ಸರ್ ವೈರ್‌ಗಳನ್ನು ಸ್ಕ್ರೂನಿಂದ ಬಿಗಿದು ಉಪಕರಣಕ್ಕೆ ಸಿಕ್ಕಿಸುವ, ಸ್ಕ್ರೂಗಳ ನಡುವೆ 5.08 ಮಿ.ಮೀ. ಅಂತರವಿರುವ ಈ ಪ್ಲಗ್ ಬ್ಲಾಕ್ ಮೇಲಿನ ದೊಡ್ಡ ತಕರಾರು ಇದೇ.

ವೈರ್ ತೂರಿಸುವ ರಂಧ್ರದ ಒಳಗೆ ಒಂದು ಪುಟ್ಟ ಲೋಹದ ಗೂಡು ಇದೆ. ಸ್ಕ್ರೂ ಬಿಗಿ ಮಾಡಿದಂತೆ ಈ ಗೂಡು ಮೇಲೆದ್ದು, ಒಳಗಿನ ವೈರನ್ನು ಮೇಲಿನ ಪಟ್ಟಿಗೆ ಒತ್ತಿ ಹಿಡಿಯುತ್ತದೆ. ಹೊಸ ಬ್ಲಾಕ್‌ನಲ್ಲಿ ಎಷ್ಟೋ ಗೂಡುಗಳು ಅರ್ಧ ಎದ್ದೇ ಇರುತ್ತವೆ. ಆಗ ತೂರಿಸಿದ ವೈರ್ ಗೂಡಿನ ಒಳಗೆ ಹೋಗದೆ, ಅದರ ಕೆಳಗೆ, ಗೂಡಿಗೂ ಪ್ಲಾಸ್ಟಿಕ್ಕಿಗೂ ನಡುವಿನ ಸಂದಿಗೆ ಇಳಿಯುತ್ತದೆ. ಬಿಗಿ ಮಾಡಿದರೆ ಗೂಡು ಖಾಲಿ ಬಾಯಿ ಮುಚ್ಚಿಕೊಳ್ಳುತ್ತದೆ, ಸ್ಕ್ರೂಡ್ರೈವರ್ ಹಿಡಿದ ಕೈಗೆ ‘ಬಿಗಿಯಾಯಿತು’ ಅನಿಸುತ್ತದೆ. ವೈರನ್ನು ಹಿಡಿದಿರುವುದು ಸಂದಿಯಲ್ಲಿ ಸಿಕ್ಕಿಕೊಂಡ ಇನ್ಸುಲೇಷನ್ ಮಾತ್ರ. ತಾಮ್ರ ಗೂಡಿನ ತಳಕ್ಕೆ ಸುಮ್ಮನೆ ಸವರುತ್ತಿರುತ್ತದೆ, ಆದ್ದರಿಂದ ಮಲ್ಟಿಮೀಟರ್ ಇಟ್ಟರೆ ಸಂಪರ್ಕ ಇದೆ ಅನ್ನುವ ಕಂಟಿನ್ಯುಟಿ ಬೀಪ್ ಕೂಡ ಕೂಗುತ್ತದೆ! ಪಕ್ಕದಲ್ಲಿ ಮೋಟರ್ ಶುರುವಾದಾಗ ಅಥವಾ ಕೇಬಲ್‌ಗೆ ಯಾರದೋ ಕೈ ತಗುಲಿದಾಗ ಬಣ್ಣ ಬಯಲಾಗುತ್ತದೆ.

ಪರಿಹಾರ ಸುಲಭ, ಆದರೆ ಬ್ಲಾಕ್ ಜೊತೆ ಬರುವ ಚೀಟಿಯಲ್ಲಿ ಅದಿಲ್ಲ. ವೈರ್ ಹಾಕುವ ಮೊದಲು ಪ್ರತಿ ಸ್ಕ್ರೂವನ್ನೂ ಎಡಕ್ಕೆ, ತಡೆ ಸಿಗುವವರೆಗೆ, ಬಲ ಹಾಕದೆ ತಿರುಗಿಸಿ. ಟಾರ್ಚ್ ಹಿಡಿದು ಒಳಗೆ ನೋಡಿ: ಬಾಯಿ ಪೂರ್ತಿ ತೆರೆದಿದ್ದರೆ ನಾಲ್ಕೂ ಬದಿಯ ಲೋಹ ಹೊಳೆಯುತ್ತದೆ, ಇಲ್ಲದಿದ್ದರೆ ಕೆಳಭಾಗದಲ್ಲಿ ಹಸಿರು ಪ್ಲಾಸ್ಟಿಕ್ ಕಾಣುತ್ತದೆ. ಬಿಗಿ ಮಾಡಿದ ಮೇಲೆ ವೈರನ್ನು ನಾಚಿಕೆ ಬಿಟ್ಟು ಎಳೆದು ನೋಡಿ. ಈಗಲೇ ಕಿತ್ತುಬಂದರೆ ಒಳ್ಳೆಯದೇ ಆಯಿತು.

ಸೆನ್ಸರ್ ಕೇಬಲ್‌ಗಳು ತೆಳ್ಳಗಿರುವುದೂ ಇದಕ್ಕೆ ಕುಮ್ಮಕ್ಕು. 2.5 ಚದರ ಮಿ.ಮೀ. ವೈರ್‌ಗೆ ಮಾಡಿದ ರಂಧ್ರಕ್ಕೆ 24 ಗೇಜ್ ವೈರ್, ಅಂದರೆ ಸುಮಾರು 0.2 ಚದರ ಮಿ.ಮೀ., ತೂರಿಸಿದರೆ ಅದು ತನಗೆ ಬೇಕಾದ ಮೂಲೆಗೆ ಹೋಗುತ್ತದೆ. ಅಳತೆಗೆ ತಕ್ಕ ಫೆರೂಲ್ (ವೈರ್ ತುದಿಗೆ ತೊಡಿಸುವ ಪುಟ್ಟ ಲೋಹದ ಕೊಳವೆ) ಕ್ರಿಂಪ್ ಮಾಡಿದರೆ, ಅಂದರೆ ಟೂಲ್‌ನಿಂದ ಅದುಮಿ ಕೂರಿಸಿದರೆ, ಮುಕ್ಕಾಲು ಪಾಲು ತಲೆನೋವು ಹೋಗುತ್ತದೆ. ಫೆರೂಲ್ ಇಲ್ಲವಾದರೆ 14 ಮಿ.ಮೀ. ಸುಲಿದು, ಎಳೆಗಳನ್ನು ಹುರಿ ಮಾಡಿ, ಎರಡು ಮಡಿಕೆ ಮಾಡಿ. ಒಳಗೆ ಹೋಗಬೇಕಾದ ಉದ್ದ 7 ಮಿ.ಮೀ. ಆಸುಪಾಸು. ಕಡಿಮೆ ಸುಲಿದರೆ ಗೂಡು ಪಿವಿಸಿಯನ್ನು ಕಚ್ಚುತ್ತದೆ, ಹೆಚ್ಚು ಸುಲಿದರೆ ಹೊರಗುಳಿದ ಒಂದು ಎಳೆ ಪಕ್ಕದ ಚಾನೆಲ್‌ಗೆ ತಗಲುತ್ತದೆ. ತುದಿಗೆ ಸೋಲ್ಡರ್ ಮಾತ್ರ ಹಾಕಬೇಡಿ. ಒತ್ತಡದ ಕೆಳಗೆ ಸೋಲ್ಡರ್ ತಿಂಗಳುಗಟ್ಟಲೆ ನಿಧಾನವಾಗಿ ಹರಿದು ಚಪ್ಪಟೆಯಾಗುತ್ತದೆ, ಹಿಡಿತ ತಾನಾಗಿ ಸಡಿಲವಾಗುತ್ತದೆ. ಮೇಲಾಗಿ ಸೋಲ್ಡರ್ ಮುಗಿಯುವ ಜಾಗದಲ್ಲೇ ಎಳೆಗಳು ತುಂಡಾಗುತ್ತವೆ.

ಲೂಸ್ ಕಾಂಟ್ಯಾಕ್ಟ್ ಎಲ್ಲ ಸೆನ್ಸರ್‌ಗೂ ಒಂದೇ ತರ ಕಾಡುವುದಿಲ್ಲ. ರೀಡಿಂಗನ್ನು ಕರೆಂಟ್ ರೂಪದಲ್ಲಿ ಕಳಿಸುವ 4–20 ಮಿಲಿಆಂಪ್ ಲೂಪ್ ಹೆಚ್ಚಾದ ಒಂದೆರಡು ಓಮ್‌ಗೆ ಕ್ಯಾರೇ ಅನ್ನುವುದಿಲ್ಲ, ಪೂರ್ತಿ ಬಿಟ್ಟುಹೋಗುವವರೆಗೂ ಸರಿಯಾದ ರೀಡಿಂಗೇ ಕೊಡುತ್ತದೆ. ತಾಪಮಾನಕ್ಕೆ ತಕ್ಕಂತೆ ರೋಧ ಬದಲಾಗುವ ಪಿಟಿ100 ಸೆನ್ಸರ್ ಹಾಗಲ್ಲ: ಒಂದು ಡಿಗ್ರಿಗೆ 0.385 ಓಮ್ ಅಷ್ಟೇ, ಎರಡು ವೈರ್ ಜೋಡಣೆಯಲ್ಲಿ 0.2 ಓಮ್ ಹೆಚ್ಚಾದರೂ ಅರ್ಧ ಡಿಗ್ರಿ ಸುಳ್ಳು. 350 ಓಮ್ ಲೋಡ್ ಸೆಲ್‌ಗೆ (ತೂಕ ಅಳೆಯುವ ಸೆನ್ಸರ್) ವೋಲ್ಟೇಜ್ ಕೊಡುವ ಎಕ್ಸೈಟೇಷನ್ ವೈರ್‌ನಲ್ಲಿ 0.35 ಓಮ್ ಸೇರಿದರೆ ರೀಡಿಂಗ್ ಶೇ. 0.1ರಷ್ಟು ಇಳಿಯುತ್ತದೆ, ಮತ್ತು ಇದು ಎಗರುವುದೂ ಇಲ್ಲ, ಸದ್ದಿಲ್ಲದೆ ತಪ್ಪು ತೋರಿಸುತ್ತಾ ಕೂರುತ್ತದೆ.

ಎರಡು ಬೇರೆ ಲೋಹಗಳ ವೈರ್ ಜೋಡಿಸಿ ತಾಪಮಾನ ಅಳೆಯುವ ಥರ್ಮೋಕಪಲ್‌ನ ಕಥೆ ಬೇರೆ. ಕೆ ಟೈಪ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಕೋಲ್ಡ್ ಜಂಕ್ಷನ್, ಅಂದರೆ ಹೋಲಿಕೆಗೆ ಬೇಕಾದ ಉಪಕರಣದ ಕಡೆಯ ತುದಿ, ಈ ಸ್ಕ್ರೂಗಳೇ, ಅವುಗಳ ತಾಪಮಾನ ಅಳೆಯುವ ಚಿಪ್ ಇರುವುದು ಬೋರ್ಡ್ ಮೇಲೆ. ಕ್ಯಾಬಿನೆಟ್ ಫ್ಯಾನಿನ ಗಾಳಿ ನೇರವಾಗಿ ಬ್ಲಾಕ್‌ಗೆ ಬಡಿದು ಎರಡರ ನಡುವೆ 2 ಡಿಗ್ರಿ ವ್ಯತ್ಯಾಸ ಬಂದರೆ ರೀಡಿಂಗ್‌ನಲ್ಲೂ ಹತ್ತಿರ ಹತ್ತಿರ ಅಷ್ಟೇ ತಪ್ಪು. ಮುಚ್ಚಳ ಹಾಕಿ, ಪವರ್ ಕೊಟ್ಟು ಅರ್ಧ ಗಂಟೆ ಬಿಟ್ಟು ಅಳೆಯಿರಿ. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಕೆಂಪು ವೈರ್ ಮೈನಸ್ ಅನ್ನುವುದೂ ನೆನಪಿರಲಿ.

ಇಷ್ಟೆಲ್ಲ ಬೈದ ಮೇಲೂ ಇದನ್ನು ಬಿಡಲು ಮನಸ್ಸಾಗುವುದಿಲ್ಲ. ಕಾರಣ ಪ್ಲಗ್. ಕ್ಯಾಲಿಬ್ರೇಷನ್‌ಗೆ ಉಪಕರಣ ಕಳಿಸುವ ದಿನ ಪ್ಲಗ್‌ನ ಎರಡೂ ತುದಿ ಹಿಡಿದು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಅಲುಗಿಸಿ ಎಳೆದರೆ ಹನ್ನೆರಡು ವೈರ್‌ಗಳೂ ಜಡೆಯಂತೆ ಒಟ್ಟಿಗೆ ಕೈಗೆ ಬರುತ್ತವೆ. ವಾಪಸ್ ಬಂದಾಗ ‘ಟಪ್’ ಅಂತ ಒತ್ತಿದರೆ ಆಯಿತು, ಒಂದು ಸ್ಕ್ರೂವನ್ನೂ ಮುಟ್ಟಬೇಕಾಗಿಲ್ಲ. ಪಕ್ಕಪಕ್ಕದ ಎರಡು ಪ್ಲಗ್‌ಗಳು ಒಂದೇ ಅಳತೆಯವಾಗಿದ್ದರೆ ಅದಲುಬದಲಾಗದಂತೆ ಕೋಡಿಂಗ್ ಪಿನ್ ಹಾಕಿ. ಅದಿಲ್ಲದಿದ್ದರೆ 24 ವೋಲ್ಟ್ ಹೋಗಿ ಮಿಲಿವೋಲ್ಟ್ ಇನ್‌ಪುಟ್ ಮೇಲೆ ಕೂರುವ ದಿನ ದೂರವಿಲ್ಲ.

ಇನ್ನೊಂದು ಅನುಕೂಲ, ರೆಸಿಸ್ಟರ್ ಕಾಲನ್ನು ನೇರವಾಗಿ ಸ್ಕ್ರೂ ಕೆಳಗೆ ಕೂರಿಸಬಹುದು. 250 ಓಮ್ ಹಾಕಿದರೆ 4–20 ಮಿಲಿಆಂಪ್ ಸಿಗ್ನಲ್ 1–5 ವೋಲ್ಟ್ ಆಗುತ್ತದೆ. ಆದರೆ ಒಂದೇ ಗೂಡಿನಲ್ಲಿ ರೆಸಿಸ್ಟರ್‌ನ ಗಟ್ಟಿ ಕಾಲೂ ಬಿಡಿ ಎಳೆಗಳ ವೈರೂ ಇದ್ದರೆ ಒತ್ತಡವನ್ನೆಲ್ಲ ಗಟ್ಟಿ ಕಾಲೇ ಹೊರುತ್ತದೆ, ಎಳೆಗಳು ಜಾರುತ್ತವೆ. ಜೋಡಿ ಫೆರೂಲ್‌ನಲ್ಲಿ ಎರಡನ್ನೂ ಸೇರಿಸಿ ಕ್ರಿಂಪ್ ಮಾಡುವುದು ಲೇಸು.

ದಿನವೂ ವೈರ್ ಬದಲಿಸುವ ಟೆಸ್ಟ್ ಬೆಂಚ್‌ಗೆ ಅಥವಾ ಸದಾ ಅದುರುವ ಯಂತ್ರದ ಮೈಮೇಲೆ ಸ್ಪ್ರಿಂಗ್ ಬ್ಲಾಕ್ ತೆಗೆದುಕೊಳ್ಳಿ. ಒಮ್ಮೆ ಹಾಕಿ ವರ್ಷಗಟ್ಟಲೆ ಬಿಡುವ ಪ್ಯಾನೆಲ್‌ಗೆ ಇದು ಸಾಕು. ಫೆರೂಲ್ ಕ್ರಿಂಪಿಂಗ್ ಟೂಲ್‌ಗೆ ಬ್ಲಾಕ್‌ಗಿಂತ ಹೆಚ್ಚು ದುಡ್ಡು ಹೋಗುತ್ತದೆ, ಅದನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ. 0.6×3.5 ಮಿ.ಮೀ. ಅಲಗಿನ ಸ್ಕ್ರೂಡ್ರೈವರ್ ಸರಿಯಾಗಿ ಕೂರುತ್ತದೆ, ಎಂ3 ಸ್ಕ್ರೂಗೆ 0.5 ನ್ಯೂಟನ್ ಮೀಟರ್ ಸಾಕು. ಫೆರೂಲ್ ಇಲ್ಲದ ವೈರ್‌ಗಳ ಎಳೆಗಳು ಒತ್ತಡಕ್ಕೆ ಹೊಂದಿಕೊಂಡು ಕೂರುವುದರಿಂದ ಮರುದಿನ ಒಮ್ಮೆ ಬಿಗಿ ಮಾಡಿ, ಆಮೇಲೆ ಮುಟ್ಟಬೇಡಿ. ಹೋದಾಗಲೆಲ್ಲ ಕಾಲು ಸುತ್ತು ತಿರುಗಿಸುತ್ತಾ ಹೋದರೆ ಎಳೆಗಳು ಕತ್ತರಿಸಿಹೋಗುತ್ತವೆ. ಅದುರುವ ಜಾಗ ಅಲ್ಲದಿದ್ದರೆ ಖಾಲಿ ಚಾನೆಲ್‌ಗಳ ಸ್ಕ್ರೂಗಳನ್ನು ಪೂರ್ತಿ ತೆರೆದೇ ಬಿಡಿ. ಮುಂದೆ ವೈರ್ ತೂರಿಸುವವರಿಗೆ ಗೂಡಿನ ಬಾಯಿ ತೆರೆದೇ ಸಿಗಲಿ.